ಗದ್ದೆಯ ಕಡೆಯಿಂದ ನೋಡಬೇಕಾದ ಕಡಲೂರು

ಇಂಗ್ಲೆಂಡಿನ ಬ್ರೈಟನ್ ಒಂದು ಕಾಲಕ್ಕೆ ಬರಿಯ ಮೀನುಗಾರರ ಊರು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯ ಕಡಲನೀರೇ ಮದ್ದೆಂದು ಬರೆದ ಮೇಲೆ ಸಿರಿವಂತರು ಅಲ್ಲಿಗೆ ಮೀಯಲು ಬಂದರು. 1841ರಲ್ಲಿ ಲಂಡನ್ನಿನಿಂದ ರೈಲು ಬಂತು, ಹಿಂದೆಯೇ ಜನಸಾಮಾನ್ಯರೂ ಬಂದರು. ಅಲ್ಲಿ ಕಡಲೇ ಮಾರಾಟದ ಸರಕು. ಮಂಗಳೂರಿನ ಪಕ್ಕದ ನಮ್ಮ ಉಳ್ಳಾಲವನ್ನೂ ಈಗ ಅದೇ ಕಣ್ಣಿನಿಂದ ಪರಿಚಯಿಸುವ ರೂಢಿಯಾಗಿದೆ: ಸೋಮೇಶ್ವರದ ಬಂಡೆ, ಬೀಚು, ಸೂರ್ಯಾಸ್ತ, ಮುಗಿಯಿತು. ಆದರೆ ಈ ಊರು ಅರ್ಥವಾಗಬೇಕಾದರೆ ಮೂಡುಬಿದಿರೆಯಿಂದ ತೋಡಾರು, ಮಿಜಾರು, ಗಂಜಿಮಠ ಹಾದು ಕೆಳಗಿಳಿಯುವ ದಾರಿಯನ್ನು ಹಿಡಿಯಬೇಕು. ಉಳ್ಳಾಲವನ್ನು ಬೆಳೆಸಿದ್ದು ಕಡಲಿಗಿಂತ ಹೆಚ್ಚಾಗಿ ಅದರ ಬೆನ್ನಿಗಿದ್ದ ಗದ್ದೆ, ಘಟ್ಟ, ಹೊಳೆಗಳು.

ಉಳ್ಳಾಲವನ್ನು ಆಳಿದ ಚೌಟರು ಅಳಿಯಸಂತಾನದ ಜೈನ ಅರಸರು. ಅವರ ಅಧಿಕಾರ ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳಲ್ಲಿ ಹರಡಿತ್ತು. ಕೆತ್ತನೆಯ ಮರದ ಕಂಬಗಳ ಚೌಟರ ಅರಮನೆ ಇಂದಿಗೂ ಇರುವುದು ಮೂಡುಬಿದಿರೆಯಲ್ಲಿ, ಕಡಲ ದಡದಲ್ಲಲ್ಲ. ಒಳನಾಡಿನ ಅಕ್ಕಿ, ಕಾಳುಮೆಣಸು ಹೊಳೆಯಲ್ಲಿ ಇಳಿದು ಅಳಿವೆ ಸೇರುತ್ತಿದ್ದವು. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದುದೂ ಕರಾವಳಿಯ ಈ ಅಕ್ಕಿಯಿಂದಲೇ. 1568ರಲ್ಲಿ ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿ ಸುತ್ತಲಿನ ಅರಸರಿಂದ ಕಪ್ಪ ಕೇಳಿದರು. ಉಳ್ಳಾಲದ ರಾಣಿ ಅಬ್ಬಕ್ಕನೊಡನೆ ಅವರ ಜಗಳದ ಬೇರು ಇಲ್ಲಿದೆ.

ಊರಿನ ಬೇರು ಗದ್ದೆಯಲ್ಲಿದೆ ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ಮಾತ್ರ ಒಬ್ಬ ಪರದೇಶಿಯದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಾಣಲು ಹೊರಟ. ಅವಳು ಸಿಕ್ಕಿದ್ದು ಉಳ್ಳಾಲದಲ್ಲಲ್ಲ, ಗುರುಪುರ ಹೊಳೆಯ ಕಡೆಯ ಮಣೇಲಿನಲ್ಲಿ. ಸಿಂಹಾಸನವಿಲ್ಲ, ಪಲ್ಲಕ್ಕಿಯಿಲ್ಲ, ನೀರು ಹಾಯಿಸಲು ತೋಡುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದಳು. ಆಕೆಯ ಉಡುಪಿನ ಸರಳತೆ ಪ್ರವಾಸಿಗೆ ವಿಚಿತ್ರವೆನಿಸಿತು. ತುಳುನಾಡಿನ ಬೇಸಾಯಗಾರರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು, ಹುಣಿ ಕಾಯದೆ ಬೆಳೆ ಕೈಗೆ ಬಾರದು. (ಅಬ್ಬಕ್ಕ ಒಬ್ಬಳೇ, ಆ ಹೆಸರಿನ ಹಲವು ರಾಣಿಯರೇ ಎಂಬ ಚರ್ಚೆ ಇದೆ, ಈ ಮಾತಿಗೆ ಅದರಿಂದ ಬಾಧಕವಿಲ್ಲ.)

ಹಾಗಾದರೆ ಅಬ್ಬಕ್ಕನ ಕಡಲಯುದ್ಧದ ಕೀರ್ತಿ ಸುಳ್ಳೇ, ತಟರಕ್ಷಣಾ ಪಡೆ ತನ್ನ ಹಡಗಿಗೆ ಅವಳ ಹೆಸರಿಟ್ಟದ್ದು ಸುಮ್ಮನೆಯೇ ಎಂದು ಕೇಳಬಹುದು. ಕೀರ್ತಿ ಸುಳ್ಳಲ್ಲ. ಪೋರ್ಚುಗೀಸರ ಪರವಾನಗಿ ಇಲ್ಲದೆ ಸರಕಿನ ಹಡಗು ಹೊರಟರೆ ವಶವಾಗುತ್ತಿದ್ದ ಕಾಲವದು. ಕಡಲಿನಲ್ಲಿ ಕಾದದೆ ಗದ್ದೆಯ ಫಲಕ್ಕೆ ಬೆಲೆ ಬರುತ್ತಿರಲಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬಲೆಯನ್ನೇ ನಂಬಿ ಬದುಕಿದ ಮೊಗವೀರಪಟ್ಣದವರಿಗೆ, ಕಡಲು ದಾಟಿ ಬಂದರೆಂದು ಹೇಳುವ ಸಯ್ಯಿದ್ ಮದನಿಯವರ ದರ್ಗಾಕ್ಕೆ ಐದು ವರ್ಷಕ್ಕೊಮ್ಮೆ ಉರೂಸಿಗೆ ಸೇರುವವರಿಗೆ ಈ ಊರು ಕಡಲಿನದೇ. ಅದನ್ನು ಒಪ್ಪಲೇಬೇಕು. ಆದರೆ ಆ ಮೊಗವೀರರ ಮನೆಯಂಗಳವನ್ನು ಇಂದು ಕಡಲು ಕೊರೆಯುತ್ತಿರುವುದಕ್ಕೂ ನೆಲದ ಕಥೆಗೂ ನಂಟಿದೆ. ದಡಕ್ಕೆ ಹೊಯಿಗೆ ತಂದುಕೊಡುವವು ಒಂದೇ ಅಳಿವೆಯಲ್ಲಿ ಕಡಲು ಸೇರುವ ನೇತ್ರಾವತಿ ಮತ್ತು ಗುರುಪುರ ಹೊಳೆಗಳು. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಬಿದ್ದಿದೆ, ಹೊಳೆಯ ಹೊಯಿಗೆ ಲಾರಿ ಹತ್ತುತ್ತದೆ, ಅಳಿವೆಬಾಗಿಲಿಗೆ ತಡೆಗೋಡೆ ಬಂದಿದೆ. ಇತ್ತ ಉಳ್ಳಾಲದ ದಡಕ್ಕೆ ಮಳೆಗಾಲ ಬಂದಾಗಲೆಲ್ಲ ಕಲ್ಲು ಸುರಿದದ್ದಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನೂ ಕಟ್ಟಿದ್ದಾಯಿತು. ದಕ್ಷಿಣದ ಉಚ್ಚಿಲ, ಬಟ್ಟಪಾಡಿಗಳಲ್ಲಿ ಕೊರೆತ ನಿಂತಿಲ್ಲ. ಹೊಳೆಯ ಲೆಕ್ಕ ಹಾಕದೆ ದಡದ ಲೆಕ್ಕ ಮಾತ್ರ ಹಾಕುವ ಯೋಜನೆಗಳಿಗೆ ಈ ಊರಿನ ಬೆನ್ನ ಹಿಂದೆ ಏನಿದೆ ಎಂಬುದೇ ಕಂಡಂತಿಲ್ಲ.