ದೊಡ್ಡ ಟೆಲಿಸ್ಕೋಪ್‌ನಲ್ಲಿ ನೋಡಿದರೆ ಗ್ಯಾಲಕ್ಸಿಗಳು ಬಣ್ಣಬಣ್ಣವಾಗಿ ಕಾಣುತ್ತವೆಯೇ?

ಐದು ಗ್ಯಾಲಕ್ಸಿಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ, ಕೆಂಪು, ಕಿತ್ತಳೆ, ನೀಲಿ ಬಣ್ಣಗಳ ಚಿತ್ರವೊಂದು ನಿಮ್ಮ ಫೋನಿಗೂ ಬಂದಿರಬಹುದು. ಆ ಗುಂಪಿನ ಹೆಸರು ಸ್ಟೀಫನ್ಸ್ ಕ್ವಿಂಟೆಟ್, ಅಂದರೆ ಸ್ಟೀಫನ್ ಪಂಚಕ. ಇಂಥ ಚಿತ್ರ ನೋಡಿದಾಗ ಕೆಲವರು ‘ದೊಡ್ಡ ಟೆಲಿಸ್ಕೋಪ್ ಇದ್ದರೆ ನಮಗೂ ಹೀಗೇ ಕಾಣುತ್ತದೆ’ ಎನ್ನುತ್ತಾರೆ. ಇನ್ನು ಕೆಲವರು ‘ಇದೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು’ ಎನ್ನುತ್ತಾರೆ. ಎರಡೂ ಸರಿಯಲ್ಲ.

ಚಿತ್ರ ಎಲ್ಲಿಂದ ಬಂತು?

ಹೆಚ್ಚು ಹರಿದಾಡುವ ಚಿತ್ರ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ತೆಗೆದದ್ದು. ನಾಸಾ ಇದನ್ನು 2022ರ ಜುಲೈ 12ರಂದು ಬಿಡುಗಡೆ ಮಾಡಿತು. ಸುಮಾರು 1,000 ಬಿಡಿ ಚಿತ್ರಗಳನ್ನು ಜೋಡಿಸಿ ಇದನ್ನು ರೂಪಿಸಲಾಗಿದೆ. ವೆಬ್ ಮುಖ್ಯವಾಗಿ ಗ್ರಹಿಸುವುದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು. ಅದನ್ನು ನಾವು ನೋಡುವಂತಾಗಲು ಉದ್ದದ ತರಂಗಗಳಿಗೆ ಕೆಂಪು, ಗಿಡ್ಡ ತರಂಗಗಳಿಗೆ ನೀಲಿ ಹೀಗೆ ಬಣ್ಣ ಕೊಡುತ್ತಾರೆ. ಅಂದರೆ ಮಾಹಿತಿ ನಿಜ, ಬಣ್ಣ ಅದರ ಅನುವಾದ.

ಕಣ್ಣಿಟ್ಟು ನೋಡಿದರೆ ಏನು ಕಾಣುತ್ತದೆ?

ಪೂರ್ವಾಭಾದ್ರ, ಉತ್ತರಾಭಾದ್ರ ನಕ್ಷತ್ರಗಳು ಸೇರಿ ಆಕಾಶದಲ್ಲಿ ಒಂದು ದೊಡ್ಡ ಚೌಕವಾಗುತ್ತದೆ. ಅಕ್ಟೋಬರ್, ನವೆಂಬರ್ ರಾತ್ರಿಗಳಲ್ಲಿ ಇದು ಕರ್ನಾಟಕದಿಂದಲೂ ಎತ್ತರದಲ್ಲಿ ಕಾಣುತ್ತದೆ. ಪಂಚಕ ಇರುವುದು ಈ ಚೌಕದ ವಾಯವ್ಯಕ್ಕೆ.

ಊರ ದೀಪಗಳಿಂದ ದೂರ, ಚಂದ್ರನಿಲ್ಲದ ರಾತ್ರಿ, 16 ಇಂಚು ಕನ್ನಡಿಯ ಹವ್ಯಾಸಿ ಟೆಲಿಸ್ಕೋಪ್ ತಿರುಗಿಸಿದರೂ ಕಾಣುವುದು ಉಸಿರು ತಾಗಿದ ಗಾಜಿನ ಮೇಲಿನ ಮಂಜಿನಂಥ ಬೂದು ಮಚ್ಚೆಗಳು. ಮೊದಲು ಒಂದೆರಡು, ತಾಳ್ಮೆಯಿಂದ ನೋಡಿದರೆ ಮೂರು, ನಾಲ್ಕು. ಒಂದೇ ಎನಿಸಿದ್ದ ಮಚ್ಚೆ ನಿಧಾನಕ್ಕೆ ಎರಡಾಗುತ್ತದೆ. ಬಣ್ಣ ಮಾತ್ರ ಇಲ್ಲ. 1877ರಲ್ಲಿ ಫ್ರಾನ್ಸಿನ ಮಾರ್ಸೆ ನಗರದಲ್ಲಿ ಇದನ್ನು ಪತ್ತೆಹಚ್ಚಿದ ಎಡ್ವರ್ಡ್ ಸ್ಟೀಫನ್ ಕಂಡದ್ದೂ ಇಂಥ ಮಸುಕು ಮಚ್ಚೆಗಳನ್ನೇ.

ಬಣ್ಣ ಏಕೆ ಇಲ್ಲ?

16 ಇಂಚಿನ ಕನ್ನಡಿ ನಮ್ಮ ಕಣ್ಣಿನ ಪಾಪೆಗಿಂತ 3,000 ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಆದರೂ ಇಲ್ಲಿ ಅದು ಬಣ್ಣಕ್ಕೆ ಸಾಲದು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳಿಗೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಬಣ್ಣ ತಿಳಿಸುವುದಿಲ್ಲ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಡಬಲ್ಲದು, ಕಣ್ಣಿಗೆ ಆ ಶಕ್ತಿಯಿಲ್ಲ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಫೋನ್ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು. ನೇರ ನೋಡದೆ ತುಸು ಪಕ್ಕಕ್ಕೆ ದೃಷ್ಟಿ ಇಟ್ಟರೆ ಮಚ್ಚೆ ಚೆನ್ನಾಗಿ ಕಾಣುತ್ತದೆ, ಏಕೆಂದರೆ ದೃಷ್ಟಿಯ ನಟ್ಟನಡುವೆ ದಂಡಕೋಶಗಳಿಲ್ಲ.

ಐದೂ ಒಂದೇ ಗುಂಪೇ?

ಅಲ್ಲ. ನಾಲ್ಕು ಗ್ಯಾಲಕ್ಸಿಗಳು ಸುಮಾರು 29 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಐದನೆಯದಾದ ಎನ್‌ಜಿಸಿ 7320 ಇರುವುದು ಸುಮಾರು 4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಹತ್ತಿರದ ಮರ ದೂರದ ಬೆಟ್ಟಕ್ಕೆ ಅಂಟಿದಂತೆ ಕಾಣುವ ಹಾಗೆ, ಅದು ಗುಂಪಿನ ಮುಂದೆ ನಿಂತಿದೆ ಅಷ್ಟೆ. ಬೆಳಕನ್ನು ವಿಶ್ಲೇಷಿಸಿದಾಗ ಇದು ತಿಳಿದುಬಂತು: ಎನ್‌ಜಿಸಿ 7320 ನಮ್ಮಿಂದ ಸೆಕೆಂಡಿಗೆ ಸುಮಾರು 800 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದ್ದರೆ, ಉಳಿದವುಗಳ ವೇಗ 6,000 ಕಿ.ಮೀ. ಆಸುಪಾಸು. ಆ ನಾಲ್ಕರ ಬೆಳಕು ಹೊರಟಾಗ ಭೂಮಿಯಲ್ಲಿ ಡೈನೋಸಾರ್‌ಗಳೂ ಇರಲಿಲ್ಲ.

ಟೆಲಿಸ್ಕೋಪ್ ಕೊಳ್ಳುವ ಮುನ್ನ

ಡಬ್ಬದ ಮೇಲಿನ ಬಣ್ಣದ ಗ್ಯಾಲಕ್ಸಿ ನೋಡಿ ಮಕ್ಕಳಿಗೆ ಟೆಲಿಸ್ಕೋಪ್ ಕೊಡಿಸಬೇಡಿ. ದುಡ್ಡಿನ ಜೊತೆ ಮಗುವಿನ ಉತ್ಸಾಹವೂ ಮೂಲೆ ಸೇರಬಹುದು. ‘ಇಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ’ ಎಂಬ ಮಾತಿಗಿಂತ ಕನ್ನಡಿ ಅಥವಾ ಮಸೂರದ ಅಗಲ ಮುಖ್ಯ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಉಂಗುರ ಇವೆಲ್ಲ ಒಳ್ಳೆಯ ಸಣ್ಣ ಟೆಲಿಸ್ಕೋಪ್‌ನಲ್ಲೇ ಕಾಣುತ್ತವೆ.

ತೀರ್ಮಾನ: ಚಿತ್ರ ನಕಲಿಯಲ್ಲ, ಆದರೆ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಫಾರ್ವರ್ಡ್ ಮಾಡುವುದಾದರೆ ‘ವೆಬ್ ಟೆಲಿಸ್ಕೋಪ್ ತೆಗೆದದ್ದು, ಬಣ್ಣ ಕೊಡಲಾಗಿದೆ’ ಎಂಬ ಒಂದು ಸಾಲು ಸೇರಿಸಿ ಕಳಿಸಿ.