ಉರಿಯುವುದೋ, ಉರಿಯದ್ದೋ?

ಇಂಗ್ಲಿಷಿನ ಒಂದು ಗುಣವಾಚಕ ನನ್ನ ಅಡುಗೆಮನೆಯನ್ನೇ ಸುಡುವುದರಲ್ಲಿತ್ತು ಅಂದರೆ ನಂಬುತ್ತೀರಾ, ಸೋದರಿಯರೇ?

ಚೌತಿಗೆ ನಾಲ್ಕು ದಿನ ಮುಂಚೆ ನಂದಿಕೂರಿನ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಬಳಿಯುತ್ತಿದ್ದೆವು. ಜೋರು ಮಳೆ ಬಂತು. ಜಗಲಿಯಲ್ಲಿದ್ದ ಥಿನ್ನರ್ ಡಬ್ಬವನ್ನು ತಂದು ಗ್ಯಾಸ್ ಒಲೆಯ ಪಕ್ಕ ಇಟ್ಟೆ. ಮುಚ್ಚಳವೂ ಸಡಿಲ. ಡಬ್ಬದ ಮೇಲೆ ‘ಇನ್‌ಫ್ಲೇಮೆಬಲ್’ ಅಂತ ಕೆಂಪಕ್ಷರದಲ್ಲಿತ್ತು. ಹೈಸ್ಕೂಲಿನ ಪಾಠ ನನಗೆ ನೆನಪಿತ್ತು: ಕರೆಕ್ಟ್ ಅಂದರೆ ಸರಿ, ಇನ್‌ಕರೆಕ್ಟ್ ಅಂದರೆ ತಪ್ಪು. ಫ್ಲೇಮ್ ಅಂದರೆ ಜ್ವಾಲೆ. ಹಾಗಾದರೆ ಇದು ಉರಿಯದ ವಸ್ತು, ಹೆದರಿಕೆ ಎಂತದು?

ಚಹಾಕ್ಕೆಂದು ಲೈಟರ್ ಎತ್ತಿದ್ದೆ ಅಷ್ಟೆ. ಮಗ ಓಡಿ ಬಂದು ಕೈ ಹಿಡಿದ. “ಅಮ್ಮಾ, ಅದು ಬೇಗ ಬೆಂಕಿ ಹಿಡಿಯುವಂಥದ್ದು ಅಂತ ಬರೆದಿರೋದು!” ಅಂದ. ನನ್ನ ಕೈಕಾಲು ತಣ್ಣಗಾದವು.

ರಾತ್ರಿ ನಿಘಂಟು ತೆರೆದು ಕೂತೆ. ಈ ಪದ ಲ್ಯಾಟಿನ್ ಮೂಲದ್ದು. ಇಲ್ಲಿನ ‘ಇನ್’ ಅಂದರೆ ‘ಅಲ್ಲ’ ಎಂದಲ್ಲ, ‘ಒಳಗೆ’ ಎಂದು. ಉರಿ ಹೊತ್ತಿಸುವುದು ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ‘ಫ್ಲೇಮೆಬಲ್’ ಎಂದರೂ ಅದೇ ಅರ್ಥ! ನನ್ನಂತೆ ಮೋಸಹೋಗುವವರು ಬಹಳ ಇದ್ದಾರೆಂದೇ 1920ರ ದಶಕದಲ್ಲಿ ಅಮೆರಿಕದ ಅಗ್ನಿಸುರಕ್ಷತೆಯವರು ‘ಇನ್’ ಬಿಟ್ಟು ಬರೆಯಿರಿ ಎಂದು ಒತ್ತಾಯಿಸಿದರಂತೆ. ಉರಿಯದ ವಸ್ತುವಿಗೆ ‘ನಾನ್‌ಫ್ಲೇಮೆಬಲ್’ ಎನ್ನಬೇಕು.

ನಮ್ಮಲ್ಲಿಯೂ ಇಂಥ ಪದಗಳಿಲ್ಲವೇ? ‘ಅಮೂಲ್ಯ’ ಎಂದರೆ ಬೆಲೆಯಿಲ್ಲದ್ದು ಅಂತ ಯಾರಾದರೂ ತಿಪ್ಪೆಗೆ ಎಸೆಯುತ್ತಾರೆಯೇ? ಬೆಲೆ ಕಟ್ಟಲಾಗದ್ದು ಎಂದು ಜೋಪಾನ ಮಾಡುತ್ತೇವೆ. ಪದವನ್ನು ಒಡೆದು ನೋಡಿದರೆ ಸಾಲದು, ಬಳಕೆಯನ್ನೂ ತಿಳಿಯಬೇಕು.

ನಿಮ್ಮ ಮನೆಯಲ್ಲೂ ಒಮ್ಮೆ ಹುಡುಕಿ. ಟರ್ಪೆಂಟೈನ್, ಉಗುರುಬಣ್ಣ ತೆಗೆಯುವ ದ್ರವ, ಸ್ಯಾನಿಟೈಸರ್, ಸೆಂಟಿನ ಸ್ಪ್ರೇ ಡಬ್ಬಗಳಲ್ಲಿ ಈ ಎರಡರಲ್ಲಿ ಒಂದು ಪದ ಇರುತ್ತದೆ. ಓದಲು ಬಾರದಿದ್ದರೆ ಜ್ವಾಲೆಯ ಚಿತ್ರ ನೋಡಿ. ಥಿನ್ನರ್, ಟರ್ಪೆಂಟೈನ್‌ಗಳ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟೀತು. ಆದ್ದರಿಂದ ಮುಚ್ಚಳ ಬಿಗಿಯಿರಲಿ; ಒಲೆ, ದೇವರ ದೀಪಗಳಿಂದ ದೂರ, ಗಾಳಿಯಾಡುವಲ್ಲಿ, ಮಕ್ಕಳ ಕೈಗೆಟುಕದಂತೆ ಇಡಿ. ಬೇರೆ ಬಾಟಲಿಗೆ ಸುರಿದಿಡಬೇಡಿ; ಆಗ ಎಚ್ಚರಿಸುವ ಪದವೇ ಇರುವುದಿಲ್ಲ.

ಈಗ ಪಡುಬಿದ್ರೆ ಹೆದ್ದಾರಿಯಲ್ಲಿ ಟ್ಯಾಂಕರ್‌ಗಳ ಬೆನ್ನ ಮೇಲೆ ಆ ಪದ ಕಂಡಾಗಲೆಲ್ಲ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅರ್ಥ ಹೇಳುತ್ತೇನೆ. ಮಗ ನಗುತ್ತಾನೆ. ನಗಲಿ ಬಿಡಿ, ಆ ದಿನ ಕೈ ಹಿಡಿದವನು ಅವನೇ ಅಲ್ಲವೇ!