ಕೈ ಮೇಲೇಳದ ಹೆಗಲು: ಎಣ್ಣೆ ತಿಕ್ಕುವ ಮೊದಲು ಪರೀಕ್ಷೆಯಾಗಲಿ

ತಕ್ಬೀರ್‌ಗೆ ಕೈ ಎತ್ತಿದರೆ ಬಲಗೈ ಎದೆಯ ಮಟ್ಟಕ್ಕೇ ನಿಂತುಬಿಡುತ್ತದೆ ಎಂದು ಹೇಳಿಕೊಂಡು ನನ್ನ ದವಾಖಾನೆಗೆ ಬರುವ ಹಿರಿಯರು ಕಡಿಮೆಯೇನಿಲ್ಲ. ಕೆಲವರಿಗೆ ವುಝೂ ಮಾಡುವಾಗ ತಲೆ ಸವರಲು ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ಹೆರಳು ಹಾಕಿಕೊಳ್ಳುವುದೇ ಕಷ್ಟ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಹೆಸರು, ವಾಯು. ಮದ್ದೂ ಒಂದೇ, ಎಣ್ಣೆ ತಿಕ್ಕುವುದು.

ಎಣ್ಣೆ ಕೊಡುವವರಲ್ಲಿ ನಾನೂ ಒಬ್ಬ. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಇಳಕಲ್‌ನ ಒಬ್ಬ ನೇಕಾರರು ಹುನಗುಂದದಿಂದ ಮರಳುವಾಗ ಬೈಕ್ ಜಾರಿ, ಚಾಚಿದ ಕೈಯ ಮೇಲೆ ಬಿದ್ದಿದ್ದರು. ಎಕ್ಸ್‌ರೇಯಲ್ಲಿ ಎಲುಬು ಮುರಿದಿರಲಿಲ್ಲ. ಉಳುಕಿರಬೇಕೆಂದು ನಾನು ರೋಗನ್-ಎ-ಬಾಬೂನಾ ಕೊಟ್ಟೆ, ಹಿಜಾಮಾ ಮಾಡಿದೆ. ನೋವು ತಗ್ಗಿತು. ಅದೇ ನಮ್ಮಿಬ್ಬರನ್ನೂ ಮೋಸಗೊಳಿಸಿತು, ಏಕೆಂದರೆ ಕೈ ಮಾತ್ರ ಮೇಲೇಳಲೇ ಇಲ್ಲ. ಏಳು ತಿಂಗಳ ನಂತರ ಎಂಆರ್‌ಐ ಮಾಡಿಸಿದಾಗ ಹೆಗಲಿನ ಸ್ನಾಯುರಜ್ಜು ಪೂರ್ತಿ ಹರಿದು ಒಳಕ್ಕೆ ಸರಿದಿತ್ತು. ಶಸ್ತ್ರಚಿಕಿತ್ಸಕರಿಗೆ ಅದನ್ನು ಅರ್ಧದಷ್ಟು ಮಾತ್ರ ಎಳೆದು ಹೊಲಿಯಲು ಸಾಧ್ಯವಾಯಿತು. ಕುಣಿಮಗ್ಗದಲ್ಲಿ ದಿನವಿಡೀ ಲಾಳಿಯ ಹಗ್ಗ ಎಳೆಯುತ್ತಿದ್ದ ಆ ಚಾಚಾ ಈಗ ಕಂಡಿಕೆ ಸುತ್ತುತ್ತಾರೆ, ಮಗ್ಗದಲ್ಲಿ ಮಗ ಕೂರುತ್ತಾನೆ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ರಜ್ಜು ಕಾಣುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಪರೀಕ್ಷೆಗೆ ಕಳಿಸಲಿಲ್ಲ.

ಹೆಗಲಿನ ಗುಂಡು ಎಲುಬನ್ನು ನಾಲ್ಕು ಸ್ನಾಯುಗಳ ರಜ್ಜುಗಳು ಅಂಗಿಯ ತೋಳಪಟ್ಟಿಯಂತೆ ಸುತ್ತಿ ಹಿಡಿದಿರುತ್ತವೆ. ಇದಕ್ಕೆ ರೊಟೇಟರ್ ಕಫ್ ಎನ್ನುತ್ತಾರೆ. ಹೆಚ್ಚಾಗಿ ಹರಿಯುವುದು ಮೇಲ್ಭಾಗದ ರಜ್ಜು. ಹರಿದ ತುದಿ ಇದ್ದಲ್ಲೇ ಇರುವುದಿಲ್ಲ. ಪೈಜಾಮದ ಲಾಡಿ ನೇಫೆಯೊಳಗೆ ಸರಿದುಹೋಗುತ್ತದಲ್ಲ, ಹಾಗೆ ಸ್ನಾಯು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ತಿಂಗಳುಗಳು ಕಳೆದಂತೆ ಸ್ನಾಯು ಸೊರಗಿ, ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಆಮೇಲೆ ಹೊಲಿದರೂ ಮೊದಲಿನ ಬಲ ಬರುವುದಿಲ್ಲ. ಎಣ್ಣೆಯಾಗಲಿ, ಹಿಜಾಮಾ ಆಗಲಿ ಎಲುಬಿನಿಂದ ಕಿತ್ತುಬಂದ ರಜ್ಜನ್ನು ಮತ್ತೆ ಎಲುಬಿಗೆ ಕೂಡಿಸಲಾರವು.

ಹಾಗಾದರೆ ಗುರುತಿಸುವುದು ಹೇಗೆ? ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ನೀವಾಗಿ ಕೈ ಎತ್ತಲು ಆಗದಿದ್ದರೂ ಇನ್ನೊಬ್ಬರು ಮೆಲ್ಲಗೆ ಹಿಡಿದೆತ್ತಿದರೆ ಮೇಲಕ್ಕೆ ಹೋಗುತ್ತದೆ, ಬಿಟ್ಟರೆ ಕೆಳಗೆ ಬೀಳುತ್ತದೆ ಎಂದರೆ ರಜ್ಜು ಹರಿದಿರಬಹುದು. ಬೇರೆಯವರು ಎತ್ತಿದರೂ ಕೈ ಬಾಗಿಲು ಜಾಮ್ ಆದಂತೆ ನಿಂತರೆ ಅದು ಹೆಚ್ಚಾಗಿ ಕೀಲು ಬಿಗಿದಿರುವ ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಬಾದಾಮಿಯ ಒಬ್ಬ ಖಾಲಾ ಆಪರೇಷನ್ನೇ ಬೇಕೆಂದು ಹೆದರಿ ಬಂದಿದ್ದರು. ಅವರದು ಇದೇ ಬಿಗಿತ. ಸಕ್ಕರೆ ಹತೋಟಿ, ಬಿಸಿ ಶಾಖ, ದಿನವೂ ವ್ಯಾಯಾಮ, ಇಷ್ಟರಲ್ಲೇ ಒಂದು ವರ್ಷಕ್ಕೆ ಕೈ ತಲೆ ಮುಟ್ಟಿತು. ಖಚಿತಪಡಿಸಿಕೊಳ್ಳಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. (ಎಡ ಹೆಗಲ ನೋವಿನ ಜೊತೆ ಬೆವರು, ಉಸಿರುಕಟ್ಟುವಿಕೆ ಇದ್ದರೆ ಮಾತ್ರ ಈ ಲೇಖನ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ, ಅದು ಹೃದಯದ್ದಿರಬಹುದು.)

ಹರಿದಿದ್ದಕ್ಕೆಲ್ಲ ಆಪರೇಷನ್ ಬೇಕಿಲ್ಲ. 60 ದಾಟಿದ ಅನೇಕರಲ್ಲಿ ನೋವೇ ಇಲ್ಲದ ಹರುಕುಗಳಿರುತ್ತವೆ. ಸಣ್ಣ, ಅರೆಬರೆ ಹರುಕಿಗೆ ಮೂರು ತಿಂಗಳು ಫಿಸಿಯೋಥೆರಪಿ ಮಾಡಿ ನೋಡಬಹುದು. ಆದರೆ ದುಡಿಯುವ ವಯಸ್ಸಿನವರು ಬಿದ್ದು ಕೈಯ ಬಲ ಕಳೆದುಕೊಂಡರೆ ವಾರಗಳೊಳಗೆ ಎಲುಬು-ಕೀಲು ತಜ್ಞರನ್ನು ಕಾಣಲೇಬೇಕು. ನೋವು ಮರೆಸಲು ಸ್ಟೀರಾಯ್ಡ್ ಇಂಜೆಕ್ಷನ್‌ ಮೇಲಿಂದ ಮೇಲೆ ಹಾಕಿಸಿಕೊಂಡರೆ ರಜ್ಜು ಇನ್ನಷ್ಟು ದುರ್ಬಲವಾಗುತ್ತದೆ.

1909ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಕಾಡ್‌ಮನ್ ಇಂಥ ರಜ್ಜನ್ನು ಹೊಲಿದಾಗ ಹೆಗಲನ್ನು ಕೊಯ್ದು ತೆರೆಯಬೇಕಿತ್ತು. ಈಗ ಒಂದು ಸೆಂಟಿಮೀಟರ್‌ನಷ್ಟರ ಮೂರು-ನಾಲ್ಕು ರಂಧ್ರ ಸಾಕು. ಸುಮಾರು 4 ಮಿಲಿಮೀಟರ್ ದಪ್ಪದ ದುರ್ಬೀನು ಒಳಹೋಗುತ್ತದೆ. ಉಪ್ಪುನೀರು ಹರಿಸಿ ಕೀಲನ್ನು ಉಬ್ಬಿಸಿ, ಪರದೆಯ ಮೇಲೆ ನೋಡುತ್ತ ದಾರ ಕಟ್ಟಿದ ಸಣ್ಣ ಮೊಳೆಯನ್ನು ಎಲುಬಿಗೆ ಕೂರಿಸಿ ರಜ್ಜನ್ನು ಬಿಗಿಯುತ್ತಾರೆ. ಶಸ್ತ್ರಕ್ರಿಯೆಯ ಉಪಕರಣಗಳ ಚಿತ್ರ ಬರೆದಿಟ್ಟ ಅಲ್-ಝಹ್ರಾವಿಯ ಹೆಸರನ್ನು ಅಭಿಮಾನದಿಂದ ಹೇಳುವ ನಾವು ಇದಕ್ಕೆ ಅಂಜಬೇಕಿಲ್ಲ.

ಗಾಯ ಸಣ್ಣದೆಂದು ಒಳಗಿನ ಹೊಲಿಗೆ ಬೇಗ ಕೂಡುತ್ತದೆಂದಲ್ಲ. 4ರಿಂದ 6 ವಾರ ಕೈ ಜೋಳಿಗೆಯಲ್ಲೇ ಇರಬೇಕು. ಭಾರ ಎತ್ತಲು ಮೂರು-ನಾಲ್ಕು ತಿಂಗಳು, ಮಗ್ಗ ಅಥವಾ ಕಲ್ಲಿನ ಕೆಲಸಕ್ಕೆ ಸುಮಾರು ಆರು ತಿಂಗಳು ಬೇಕು. ಬೀಡಿ, ಗುಟ್ಕಾ ಬಿಡದವರಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಹೊಲಿಗೆ ಮತ್ತೆ ಬಿಟ್ಟುಕೊಳ್ಳುವುದುಂಟು. ಸಜ್ದಾದಲ್ಲಿ ಆ ಕೈಯ ಮೇಲೆ ಭಾರ ಹಾಕಬೇಡಿ. ಕುಳಿತು ನಮಾಝ್ ಮಾಡುವುದು, ಪಟ್ಟಿಯ ಮೇಲೆ ಮಸಹ್ ಮಾಡುವುದನ್ನು ನಿಮ್ಮ ಆಲಿಮರಲ್ಲಿ ಕೇಳಿ ತಿಳಿದುಕೊಳ್ಳಿ.

ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎಲುಬು-ಕೀಲು ವಿಭಾಗವಿದೆ, ಮೊದಲ ತಪಾಸಣೆಗೆ ದೂರ ಹೋಗಬೇಕಿಲ್ಲ. ಆಯುಷ್ಮಾನ್ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಚೀಟಿಯ ಬಗ್ಗೆ ಮೊದಲೇ ವಿಚಾರಿಸಿ. ಆರು ತಿಂಗಳು ಕೂಲಿ ಇಲ್ಲದೆ ಮನೆ ಹೇಗೆ ನಡೆಯಬೇಕೆಂಬ ಮಾತನ್ನೂ ಆಪರೇಷನ್ನಿನ ತಾರೀಖು ಗೊತ್ತುಮಾಡುವ ಮುನ್ನವೇ ಮನೆಮಂದಿ ಕೂತು ಆಡಿಕೊಳ್ಳಿ.